ಮೂತ್ರದ ರಿಪೋರ್ಟು ಮತ್ತು ರೋಗಿಯ ಮಾತು

ಮೂತ್ರ ಉರಿಯುತ್ತಿದೆ ಎಂದು ಮನೆಯ ಹೆಂಗಸರು ಹೇಳಿದರೆ, ಉಷ್ಣವಾಗಿದೆ, ಎಳನೀರು ಕುಡಿ ಎನ್ನುತ್ತೇವೆ. ಎರಡು ದಿನದಲ್ಲಿ ಇಳಿಯದಿದ್ದರೆ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತರುತ್ತೇವೆ. ಅದೇ ಮನೆಯ ಹಿರಿಯರು ರಾತ್ರಿಯೆಲ್ಲ ಎದ್ದೆದ್ದು ಬಚ್ಚಲಿಗೆ ಹೋಗುತ್ತಿದ್ದರೆ, ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಇರಬೇಕು, ವಯಸ್ಸಾದ ಮೇಲೆ ಇದ್ದದ್ದೇ ಎಂದು ಸುಮ್ಮನಾಗುತ್ತೇವೆ. ಹೆಂಗಸಿಗೆ ಸೋಂಕು, ಗಂಡಸಿಗೆ ಪ್ರಾಸ್ಟೇಟ್ ಎಂಬ ಈ ಪೂರ್ವನಿರ್ಧಾರ ಇಬ್ಬರಿಗೂ ಅನ್ಯಾಯ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಆರೋಗ್ಯವಂತರ ಮೂತ್ರಕೋಶದಲ್ಲಿ ಬ್ಯಾಕ್ಟೀರಿಯಾ ಇರುವುದೇ ಇಲ್ಲ ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. ಇದಕ್ಕೆ ಪರೀಕ್ಷೆಯ ವಿಧಾನವೂ ಒಂದು ಕಾರಣ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಮಾಮೂಲಿ ಕಲ್ಚರ್‌ನಲ್ಲಿ ಒಂದು ಮೈಕ್ರೋಲೀಟರ್‌ನಷ್ಟು ಮೂತ್ರವನ್ನು ಸಣ್ಣ ಲೂಪಿನಿಂದ ತಟ್ಟೆಯ ಮೇಲೆ ಸವರಿ, ಸುಮಾರು ಒಂದು ದಿನ ಬೆಚ್ಚಗಿಟ್ಟು ನೋಡುತ್ತಾರೆ. ಇ. ಕೋಲೈನಂತಹ ಚುರುಕಿನ ಬ್ಯಾಕ್ಟೀರಿಯಾಗೆ ಅಷ್ಟು ಸಾಕು. ನಿಧಾನವಾಗಿ ಬೆಳೆಯುವ ಅಥವಾ ಆಮ್ಲಜನಕ ಒಗ್ಗದ ಜಾತಿಗಳು ಅಲ್ಲಿ ಕಾಣುವುದೇ ಇಲ್ಲ. ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದ ಅಲನ್ ವುಲ್ಫ್ ಮತ್ತು ಸಂಗಡಿಗರು ತೆಳು ಕೊಳವೆಯಾದ ಕ್ಯಾತಿಟರ್‌ನಿಂದ ನೇರವಾಗಿ ಮೂತ್ರಕೋಶದಿಂದ ತೆಗೆದ ಮಾದರಿಯನ್ನೇ ನೂರು ಪಟ್ಟು ಹೆಚ್ಚು ಪ್ರಮಾಣದಲ್ಲಿ, ಬೇರೆ ಬೇರೆ ವಾತಾವರಣದಲ್ಲಿ, ಎರಡು ದಿನ ಬೆಳೆಸಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 65 ಮಹಿಳೆಯರ ಪೈಕಿ 52 ಮಂದಿಯ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆದವು; ಆ ಮಾದರಿಗಳಲ್ಲಿ ಬಹುಪಾಲು ಮಾಮೂಲಿ ಕಲ್ಚರ್‌ನಲ್ಲಿ ‘ನೋ ಗ್ರೋತ್’ (ಏನೂ ಬೆಳೆದಿಲ್ಲ) ಎನಿಸಿಕೊಂಡಿದ್ದವು.

ಹಾಗೆಂದು ಇವೆಲ್ಲವೂ ಶತ್ರುಗಳಲ್ಲ. ಅವಸರವಾಗಿ, ತಡೆಯಲಾಗದೆ ಮೂತ್ರ ಹೋಗಿಬಿಡುವ ತೊಂದರೆ ಇಲ್ಲದ ಮಹಿಳೆಯರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್ ಎಂಬ ಬ್ಯಾಕ್ಟೀರಿಯಾ, ಇರುವವರಲ್ಲಿ ಅದೇ ಕುಲದ ಗ್ಯಾಸೆರಿ ಹೆಚ್ಚಾಗಿ ಕಂಡದ್ದುಂಟು. ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇಷ್ಟರಿಂದಲೇ ತೀರ್ಮಾನವಾಗುವುದಿಲ್ಲ.

ಗಂಡಸರ ವಿಷಯ ಇನ್ನೂ ತೊಡಕಿನದು. ಸುಮಾರು ಇಪ್ಪತ್ತು ಸೆಂಟಿಮೀಟರ್ ಉದ್ದದ ಮೂತ್ರನಾಳವನ್ನು ಹಾದು ಡಬ್ಬಿಗೆ ಬಿದ್ದ ಮೂತ್ರ, ಮೂತ್ರಕೋಶದ ಸ್ಥಿತಿಯನ್ನು ಯಥಾವತ್ತಾಗಿ ತೋರಿಸುವುದಿಲ್ಲ. ಕ್ಯಾತಿಟರ್ ಮಾದರಿಗಳನ್ನು ನೋಡಿದಾಗ, ಮೂತ್ರದ ತೊಂದರೆ ತೀವ್ರವಾಗಿದ್ದ ಗಂಡಸರಲ್ಲಿ ಬ್ಯಾಕ್ಟೀರಿಯಾ ಪತ್ತೆಯಾಗುವ ಸಾಧ್ಯತೆ ಹೆಚ್ಚಿತ್ತು. ಎಲ್ಲ ಹೊಣೆಯನ್ನೂ ಪ್ರಾಸ್ಟೇಟಿನ ಮೇಲೆ ಹೊರಿಸುವವರು ಇದನ್ನು ಗಮನಿಸಬೇಕು.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇದರ ಇನ್ನೊಂದು ಮುಖ. ಉರಿ, ಜ್ವರ, ಅವಸರ ಯಾವುದೂ ಇಲ್ಲದವರ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಕಂಡ ಮಾತ್ರಕ್ಕೆ ಮಾತ್ರೆ ನುಂಗಿಸುವುದು ನಮ್ಮಲ್ಲಿ ರೂಢಿಯಾಗಿದೆ. ಗರ್ಭಿಣಿಯರು ಮತ್ತು ಮೂತ್ರಮಾರ್ಗದ ಕೆಲವು ಶಸ್ತ್ರಚಿಕಿತ್ಸೆಗೆ ಸಿದ್ಧವಾಗುತ್ತಿರುವವರನ್ನು ಬಿಟ್ಟರೆ, ಸಾಮಾನ್ಯವಾಗಿ ಅಂಥವರಿಗೆ ಚಿಕಿತ್ಸೆ ಬೇಕಿಲ್ಲ; ಕೊಟ್ಟರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವನ್ನು ನಾವೇ ಸಾಕಿದಂತಾಗುತ್ತದೆ. ಎದುರು ದಿಕ್ಕಿನಲ್ಲಿ, ಲಕ್ಷಣಗಳು ಸ್ಪಷ್ಟವಾಗಿರುವ ಹೆಂಗಸಿಗೆ ರಿಪೋರ್ಟು ನಾರ್ಮಲ್, ಎಲ್ಲ ನಿಮ್ಮ ಮನಸ್ಸಿನ ಭ್ರಮೆ ಎಂದು ಹೇಳಿ ಕಳಿಸುವುದೂ ತಪ್ಪು. ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಇದ್ದರಷ್ಟೇ ಸೋಂಕು ಎಂಬ ಹಳೆಯ ಗಡಿಗಿಂತ ಬಹಳ ಕಡಿಮೆ ಇ. ಕೋಲೈ ಇದ್ದಾಗಲೂ ಮೂತ್ರಕೋಶದ ಸೋಂಕು ಇರಬಹುದು.

ಆದ್ದರಿಂದ ಲ್ಯಾಬಿಗೆ ಚೀಟಿ ಬರೆಯುವ ವೈದ್ಯರು ರೋಗಿಯ ಲಕ್ಷಣವನ್ನೂ ಅದರಲ್ಲಿ ನಮೂದಿಸಲಿ. ನಾವೂ ಡಾಕ್ಟರ ಬಳಿಗೆ ಹೋಗುವ ಮೊದಲು ಎರಡು ಮೂರು ದಿನ ಎಷ್ಟು ನೀರು ಕುಡಿದೆವು, ಯಾವ ಹೊತ್ತಿಗೆ ಎದ್ದೆವು, ಎಲ್ಲಿ ಉರಿಯಿತು ಎಂದು ಬರೆದಿಟ್ಟುಕೊಳ್ಳೋಣ. ಮೂತ್ರದಲ್ಲಿ ರಕ್ತ, ಚಳಿಜ್ವರ, ಬೆನ್ನಿನ ಪಕ್ಕೆಯ ನೋವು ಅಥವಾ ಮೂತ್ರ ಕಟ್ಟಿಕೊಂಡದ್ದು ಕಂಡರೆ ಬರೆಯುತ್ತಾ ಕೂರದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.