ಕಾಟಾ ರೂಮಿನ ಹಳೇ ಕಂಪ್ಯೂಟರ್

ಹೋದ ವರ್ಷದ ಹಿಂದಿನ ನವೆಂಬರ್. ರಾತ್ರಿ ಹತ್ತೂವರೆಗೆ ಕಾರಟಗಿಯ ಒಂದು ರೈಸ್ ಮಿಲ್ಲಿನಿಂದ ಮುನೀಮರ ಫೋನ್. “ತಮ್ಮಾ, ಕಾಟಾ ಚೀಟಿ ಬರವಲ್ದು. ಹೊರಗ ನೆಲ್ಲಿನ ಲಾರಿ ಸಾಲಾಗಿ ನಿಂತಾವ. ಏನ್ ಮಾಡಿದಿ?” ನಾನೇನೂ ಮಾಡಿಲ್ಲ ಕಾಕಾ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ನೆನಪಾಯಿತು, ಮಧ್ಯಾಹ್ನ ಅಪ್‌ಡೇಟ್ ಬಿಟ್ಟಿದ್ದೆ.

ಗೊತ್ತಿಲ್ಲದವರಿಗೆ: ಗಂಗಾವತಿಯಲ್ಲಿ ಕೂತು ಮಿಲ್ಲುಗಳಿಗೆ ಸಾಫ್ಟ್‌ವೇರ್ ಮಾಡುತ್ತೇನೆ. ಲಾರಿ ತೂಕ, ಚೀಲದ ಲೆಕ್ಕ, ಹಮಾಲಿ, ಬಿಲ್ಲು. ಸರ್ವರ್ ಅಂದರೆ ಎಸಿ ರೂಮು ಅಂದುಕೊಳ್ಳಬೇಡಿ. ಕಾಟಾ ಅಂದರೆ ಲಾರಿ ತೂಗುವ ಯಂತ್ರ; ಅದರ ರೂಮಿನ ಮೂಲೆಯಲ್ಲಿ, ತೌಡಿನ ಧೂಳು ಮೆತ್ತಿಕೊಂಡು, ಹಗಲೂ ರಾತ್ರಿ ಓಡುವ ಒಂದು ವಿಂಡೋಸ್ 7 ಕಂಪ್ಯೂಟರ್.

ಮುನೀಮರು ಸ್ಕ್ರೀನಿನ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದರು. ಅದರಲ್ಲಿ ಇದ್ದದ್ದು ಇಷ್ಟೇ: ಈ ಫೈಲು 61ನೇ ನಂಬರಿನದು, ನನಗೆ 52ರ ತನಕ ಮಾತ್ರ ಓದೋಕೆ ಬರುತ್ತೆ. 61 ಅಂದರೆ ಜಾವಾ 17, 52 ಅಂದರೆ ಜಾವಾ 8. ನನ್ನ ಸಾಫ್ಟ್‌ವೇರ್ ಓಡೋಕೆ ಕಂಪ್ಯೂಟರಲ್ಲಿ ಜಾವಾ ಇರಬೇಕು; ನಾನು ಕಳಿಸಿದ್ದು 17ಕ್ಕೆ, ಅಲ್ಲಿದ್ದದ್ದು 8. ಹೊಸ ಫೈಲು ಹಳೆಯದರ ಮೇಲೆಯೇ ಕೂತಿತ್ತು, ಹಿಂದಕ್ಕೆ ಹೋಗೋಣ ಅಂದರೆ ಹಳೇ ಫೈಲೇ ಇಲ್ಲ. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮುನೀಮರು ಕೈಯಲ್ಲೇ ಇಪ್ಪತ್ತೋ ಇಪ್ಪತ್ತೆರಡೋ ಚೀಟಿ ಬರೆದಿದ್ದರು. ಬೈಯಲಿಲ್ಲ. ಚಹಾ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಬೆಂಗಳೂರಿನ ಗೆಳೆಯನಿಗೆ ಹೇಳಿದರೆ ಅವನು ನಕ್ಕ. “ಜಾವಾ 8 ಬಂದಿದ್ದು 2014ರಲ್ಲಿ ಮಾರಾಯ, ಇನ್ನೂ ಎಷ್ಟು ದಿನ ಹೊರ್ತೀಯ? ಕಿತ್ತು ಹಾಕು.” ಅವನು ಹೇಳಿದ್ದರಲ್ಲಿ ಅರ್ಧ ನಿಜ. ನನ್ನ ಸಾಫ್ಟ್‌ವೇರ್ ನಿಂತಿರುವುದು ಸ್ಪ್ರಿಂಗ್ ಬೂಟ್ ಅನ್ನೋ ಸಿದ್ಧ ಚೌಕಟ್ಟಿನ ಮೇಲೆ. ಅದರ 3ನೇ ಆವೃತ್ತಿ 2022ರ ನವೆಂಬರಲ್ಲಿ ಬಂತು, ಜಾವಾ 17 ಇಲ್ಲದೆ ಅದು ಏಳೋದೇ ಇಲ್ಲ. ಅದರ ಹಿಂದಿನ 2.7ಕ್ಕೆ ಪುಕ್ಕಟೆ ರಿಪೇರಿ 2023ರಲ್ಲೇ ನಿಂತುಹೋಯಿತು. ಅಂದರೆ ಹಳೆಯದಕ್ಕೆ ಅಂಟಿಕೊಂಡು ಕೂತರೆ ತಳದಲ್ಲಿ ಬಿರುಕು ಬಿಟ್ಟರೂ ಮುಚ್ಚಿಕೊಡುವವರಿಲ್ಲ.

ಆದರೆ ಆ ಮಿಲ್ಲು ಯಾಕೆ ಹಿಂದೆ ಉಳಿದಿತ್ತು? ಸಾಹುಕಾರ್ರು ಹೊಸ ಕಂಪ್ಯೂಟರ್‌ಗೆ ದುಡ್ಡು ಬಿಚ್ಚಲ್ಲ ಅಂತ ನಾನು ವರ್ಷಗಟ್ಟಲೆ ಒಳಗೊಳಗೇ ಗೊಣಗಿದ್ದೆ. ಆ ರಾತ್ರಿ ನೋಡಿದರೆ ಕಾರಣ ನಾನೇ. ಕಾಟಾದ ತೂಕ ತೋರಿಸುವ ಡಬ್ಬಿ, ಅಂದರೆ ಇಂಡಿಕೇಟರಿನಿಂದ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಬರುತ್ತದೆ, ಅದರಿಂದ ತೂಕ ಓದೋಕೆ ಬಹಳ ವರ್ಷದ ಹಿಂದೆ ಎಲ್ಲಿಂದಲೋ ತಂದು ಸೇರಿಸಿದ, ಹಳೇ 32 ಬಿಟ್ ಕಂಪ್ಯೂಟರ್‌ಗೆ ಬೇರೆಯವರು ಬರೆದ ಕೋಡಿನ ಒಂದು ಡಿಎಲ್‌ಎಲ್ ಫೈಲಿದೆ, ಅದನ್ನು ಈಗಿನ 64 ಬಿಟ್ ಜಾವಾ ಒಳಗೇ ಬಿಟ್ಟುಕೊಳ್ಳಲ್ಲ. ಹೊಸ ಕಂಪ್ಯೂಟರ್ ತಂದು 64 ಬಿಟ್ ಜಾವಾ ಹಾಕಿದ್ದರೂ ತೂಕ ಬರುತ್ತಿರಲಿಲ್ಲ! ಬಿಡಬೇಕಾದದ್ದು ಜಾವಾ 8 ಅಲ್ಲ, ಮೊದಲು ಆ ಡಿಎಲ್‌ಎಲ್.

ಅದರ ಜಾಗಕ್ಕೆ ಜೆಸೀರಿಯಲ್‌ಕಾಮ್ ಅನ್ನೋ, ಅದೇ ಕೆಲಸ ಮಾಡುವ ಸಿದ್ಧ ಕೋಡ್ ಹಾಕಿದೆ. 32ಕ್ಕೂ ಆಗುತ್ತೆ, 64ಕ್ಕೂ ಆಗುತ್ತೆ. ಬರೆಯೋದು ಎರಡು ದಿನದ ಕೆಲಸ, ನಿಜವಾದ ಕಾಟಾಗೆ ಹಚ್ಚಿ ನೋಡೋದಕ್ಕೆ ಮೂರು ವಾರ. ಒಂದು ಇಂಡಿಕೇಟರ್ ಇದೆ, ಅಂಕಿಗಳನ್ನು ಹಿಂದುಮುಂದಾಗಿ ಕಳಿಸುತ್ತದೆ. 12340 ಕೆಜಿ ಇದ್ದರೆ 04321 ಅನ್ನುತ್ತದೆ. ಅದನ್ನು ಹಾಗೆ ಮಾಡಿದವರಿಗೆ ದೇವರು ಒಳ್ಳೆಯದು ಮಾಡಲಿ.

ಹಾಗಾದರೆ ಯಾವಾಗ ಬಿಡಬೇಕು? ದೊಡ್ಡವರ ಬಳಿ ಲೆಕ್ಕ ಇರುತ್ತದೆ. ವರ್ಡ್‌ಪ್ರೆಸ್‌ನವರು (ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್) 2023ರ ಆಗಸ್ಟಲ್ಲಿ ಅದು ಓಡೋಕೆ ಬೇಕಾದ ಭಾಷೆಯ ಹಳೇ ಆವೃತ್ತಿ ಪಿಎಚ್‌ಪಿ 5 ಕೈಬಿಟ್ಟರು, ಅದನ್ನು ಬಳಸುವವರು 5%ಗಿಂತ ಕೆಳಗೆ ಇಳಿದ ಮೇಲೆ. ನನ್ನ ಹತ್ತಿರ ಇರುವುದು 14 ಮಿಲ್ಲು. 14ರಲ್ಲಿ 5% ಅಂದರೆ ಮುಕ್ಕಾಲು ಮಿಲ್ಲು ಕೂಡ ಆಗಲ್ಲ. ಒಂದೇ ಮಿಲ್ಲು ಉಳಿದರೂ ಅದು 7%.

ಇನ್ನು ಕೆಲವರು ಹೆದರಿಸಿ ಬಿಡಿಸುತ್ತಾರೆ, ಹಳೆಯದು ಅಪಾಯ ಅಂತ. ಅದೂ ಪೂರ್ತಿ ನಿಜ ಅಲ್ಲ. 2022ರ ಮಾರ್ಚಲ್ಲಿ ಸ್ಪ್ರಿಂಗ್‌ನಲ್ಲಿ ಸ್ಪ್ರಿಂಗ್‌ಫೋರ್‌ಶೆಲ್ ಅಂತ ದೊಡ್ಡ ತೂತು ಸಿಕ್ಕಿತಲ್ಲ, ಅದು ಹೊಡೆದದ್ದು ಜಾವಾ 9 ಮತ್ತು ಅದರ ಮೇಲಿನವರನ್ನು. ಜಾವಾ 8ರಲ್ಲಿ ಇದ್ದವರು ಬಚಾವ್. ಅದಕ್ಕೂ ಮುಂಚೆ, 2021ರ ಡಿಸೆಂಬರಲ್ಲಿ ತೂತು ಸಿಕ್ಕ, ಜಾವಾ ಸಾಫ್ಟ್‌ವೇರ್‌ಗಳು ದಾಖಲೆ ಬರೆಯೋಕೆ ಬಳಸುವ ಲಾಗ್‌ಫೋರ್‌ಜೆ ಗಲಾಟೆಯಲ್ಲಿ ಅದನ್ನು ನೋಡಿಕೊಳ್ಳುವವರು ಜಾವಾ 7ಕ್ಕೆ, ಜಾವಾ 6ಕ್ಕೂ ಬೇರೆ ಬೇರೆ ರಿಪೇರಿ ಕೊಟ್ಟರು. ಸಂಬಳ ಇಲ್ಲದೆ ಮಾಡಿದವರು ಅವರಲ್ಲಿ ಎಷ್ಟೋ ಜನ. ಸುಮ್ನೆ ಹೆದರಿಸುವ ಬದಲು ನನ್ನ ಕಷ್ಟ ನೇರವಾಗಿ ಹೇಳಿಕೊಳ್ಳೋದೇ ವಾಸಿ.

ನನ್ನ ಕಷ್ಟ ಇದು. 2022ರ ಜುಲೈ 18ರಿಂದ 25 ಕೆಜಿ ತನಕದ ಪ್ಯಾಕ್ ಮಾಡಿದ ಅಕ್ಕಿಗೆ 5% ಜಿಎಸ್‌ಟಿ ಬಂತು. ನಮ್ಮ ಮಿಲ್ಲಿನವರು 26 ಕೆಜಿ ಚೀಲ ತುಂಬಲು ಶುರು ಮಾಡಿದರು. ನನಗದು ಸಣ್ಣ ಬದಲಾವಣೆ, ಆದರೆ 32 ಬಿಟ್‌ಗೊಂದು ಸಲ, 64 ಬಿಟ್‌ಗೊಂದು ಸಲ ಪ್ಯಾಕೇಜ್ ಮಾಡಿ ಎರಡೂ ಕಡೆ ಬಿಲ್ಲು ತೆಗೆದು ನೋಡಬೇಕಾಯಿತು. ಹಳೆಯದರಲ್ಲೇ ಇದ್ದ ಮೂರು ಮಿಲ್ಲಿಗಾಗಿ ಉಳಿದ ಹನ್ನೊಂದು ಮಿಲ್ಲು ಕಾದವು. ಮುಂದೆ ಹೋದವರು ಹಿಂದೆ ಉಳಿದವರಿಗಾಗಿ ಕಾಯೋಕೆ ಶುರು ಮಾಡಿದಾಗ ಹಳೆಯದನ್ನು ಬಿಡುವ ಹೊತ್ತಾಯಿತು ಅಂತ ನನ್ನ ಲೆಕ್ಕ. ಆದರೆ ಬಿಡುವ ತಾರೀಖು ಮಾತ್ರ ನನ್ನ ಕ್ಯಾಲೆಂಡರಿನದಲ್ಲ, ನೆಲ್ಲಿನದು. ನೆಲ್ಲು ಬರುವ ನವೆಂಬರಲ್ಲಿ ಯಾವನಾದರೂ ಅಪ್‌ಡೇಟ್ ಬಿಡ್ತಾನಾ? ನಾನು ಬಿಟ್ಟಿದ್ದೆ.

2025-26ರಲ್ಲಿ ಟಿಬಿ (ತುಂಗಭದ್ರಾ) ಡ್ಯಾಮಿನ 33 ಗೇಟ್ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರು ಬಿಡಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಕೊಂಡು ಹೋದದ್ದು ನೋಡಿದ ಮೇಲೆ ಬದಲಿಸಬೇಡಿ ಅನ್ನೋ ರೈತ ಇಲ್ಲ. ಆದರೂ ಹೊಟ್ಟೆ ಉರಿಯುತ್ತೆ, ಅದು ಬೇರೆ. ಆ ಬೇಸಿಗೆಗೆ ನೆಲ್ಲು ಇಲ್ಲ, ಕಾಟಾ ಖಾಲಿ. ಅದಕ್ಕೇ ಮೂರೂ ಮಿಲ್ಲಿಗೆ ಹೋಗಿ ಏಪ್ರಿಲ್ ಕೊನೆಗೆ ಜಾವಾ 8 ಬಂದ್ ಅಂತ ಕಾಗದದ ಮೇಲೆ ಬರೆದುಕೊಟ್ಟೆ. ಅಲ್ಲಿಯ ತನಕ ತೆರಿಗೆ ಬದಲಾದರೆ, ತೂತು ಸಿಕ್ಕರೆ ಹಳೆಯದಕ್ಕೂ ರಿಪೇರಿ ಕೊಡ್ತೀನಿ, ಹೊಸ ಸೌಕರ್ಯ ಇಲ್ಲ ಅಂತಲೂ ಬರೆದೆ. ಅಪ್‌ಡೇಟ್ ಈಗ ಮೊದಲು ಜಾವಾ ಯಾವುದು ಅಂತ ನೋಡುತ್ತದೆ. ಹಳೆಯದಿದ್ದರೆ ಏನನ್ನೂ ಮುಟ್ಟದೆ ಕನ್ನಡದಲ್ಲಿ ಹೇಳಿ ಸುಮ್ಮನಾಗುತ್ತದೆ. ಹಳೇ ಫೈಲೂ ಪಕ್ಕದಲ್ಲೇ ಉಳಿಯುತ್ತದೆ. ಇದನ್ನು ಬರೆಯೋಕೆ ಒಂದು ಮಧ್ಯಾಹ್ನ ಸಾಕಾಯಿತು, ನಾಚಿಕೆ ಆಗಬೇಕು ನನಗೆ.

ಕಾರಟಗಿ ಸಾಹುಕಾರ್ರು ಕಾಗದ ಓದಿ, ಕನ್ನಡಕ ತೆಗೆದು ಕೇಳಿದರು. “ಈ ಹೊಸಾದು ಎಷ್ಟು ದಿನ ನಡೀತದ?”

“ಆರೇಳು ವರ್ಷ ಅಡ್ಡಿ ಇಲ್ರೀ ಸಾಹುಕಾರ್ರ.”

“ಹಂಗಾರ ಅದರ ತಾರೀಖೂ ಈಗೇ ಬರದ ಕೊಡು.”

ಬರೆದುಕೊಟ್ಟೆ. ಬೀಗ ಹಾಕುವ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ.