ಸ್ಪಷ್ಟನೆ: ರೈಲು ಕಂಡು ಪ್ರೇಕ್ಷಕರು ಓಡಿದ ಕಥೆಗೆ ಪುರಾವೆಯಿಲ್ಲ

ಶಾಲಾ ಮಕ್ಕಳಿಗೆ ಸಿನಿಮಾ ಚರಿತ್ರೆ ಹೇಳುವಾಗ ಒಂದು ಕಥೆ ತಪ್ಪದೇ ಬರುತ್ತದೆ: 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಸಿನಿಮಾದ ಆದ್ಯರಲ್ಲಿ ಸೇರಿದ ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು ನಡೆಸಿದ ಪ್ರದರ್ಶನದಲ್ಲಿ, ಪರದೆಯ ಮೇಲೆ ರೈಲು ಬರುವುದನ್ನು ಕಂಡು ಜನ ಹೆದರಿ ಓಡಿದರು ಎಂದು. ಇದು ತಪ್ಪು. ಅಂದು ತೋರಿಸಿದ ಹತ್ತು ಕಿರುಚಿತ್ರಗಳಲ್ಲಿ ರೈಲಿನ ಚಿತ್ರ ಇರಲೇ ಇಲ್ಲ. ಅದು ಸಾರ್ವಜನಿಕರ ಮುಂದೆ ಬಂದದ್ದು 1896ರಲ್ಲಿ. ಆಗಲೂ ಜನ ದಿಕ್ಕಾಪಾಲಾಗಿ ಓಡಿದರು ಎನ್ನಲು ಆ ಕಾಲದ ನಂಬಲರ್ಹ ದಾಖಲೆ ಯಾವುದೂ ಸಿಕ್ಕಿಲ್ಲ.

ಹಾಗೆಂದು ಶಿಕ್ಷಕರು ಈ ಕಥೆಯನ್ನು ತರಗತಿಯಿಂದ ಹೊರಗಿಡಬೇಕಿಲ್ಲ. ದಯವಿಟ್ಟು ಚಿತ್ರವನ್ನೇ ತೋರಿಸಿ, ಅದು ಒಂದು ನಿಮಿಷವೂ ಇಲ್ಲ. ಕ್ಯಾಮೆರಾ ಇರುವುದು ಹಳಿಯ ಮೇಲಲ್ಲ, ಪ್ಲಾಟ್‌ಫಾರಂ ಮೇಲೆ. ಎಂಜಿನ್ ಓರೆಯಾಗಿ ಬಂದು ಚೌಕಟ್ಟಿನ ಎಡಬದಿಗೆ ಸರಿದುಹೋಗುತ್ತದೆ. ಗಾಡಿ ನಿಲ್ಲುತ್ತದೆ, ಬಾಗಿಲು ತೆರೆದು ಪ್ರಯಾಣಿಕರು ಇಳಿಯುತ್ತಾರೆ. ರೈಲು ನಮ್ಮ ಮೈಮೇಲೆ ಬರುತ್ತಿದೆಯೇ ಎಂದು ಮಕ್ಕಳನ್ನೇ ಕೇಳಿ. ಓಡಿದವರನ್ನು ಕಂಡವರು ಯಾರು, ಬರೆದದ್ದು ಯಾವಾಗ ಎಂಬ ಪ್ರಶ್ನೆಯನ್ನೂ ಅವರ ಕೈಗೆ ಕೊಡಿ. ಸಿನಿಮಾ ನೋಡುವ ಕಲೆ ಮತ್ತು ಇತಿಹಾಸ ಪರೀಕ್ಷಿಸುವ ಕ್ರಮ ಎರಡೂ ಒಂದೇ ಪಾಠದಲ್ಲಿ ಸಿಗುವ ಇಂಥ ಅವಕಾಶ ಅಪರೂಪ. 1896ರ ಜುಲೈ 7ರಂದು ಮುಂಬೈನ ವಾಟ್ಸನ್ ಹೋಟೆಲಿಗೂ ಲ್ಯೂಮಿಯೇರ್ ಚಿತ್ರಗಳು ಬಂದವು. ಆ ಪ್ರದರ್ಶನದ ಬಗ್ಗೆ ಅಂದಿನ ಪತ್ರಿಕೆಯಲ್ಲಿ ಬಂದ ಜಾಹೀರಾತಿನಿಂದಲೇ ಮಕ್ಕಳ ಹುಡುಕಾಟ ಶುರುವಾಗಬಹುದು.