ನಿಲ್ಲಿಸುವ ಬಟನ್ ನಿಮ್ಮ ಕೈಲೇ ಇರಲಿ

"ಆಗಿದ್ದು ಆಗಿಹೋಯ್ತು, ಮರೆತುಬಿಡು" ಅಂತ ಹೇಳುವವರು ಕೆಟ್ಟವರೇನಲ್ಲ. ಆದರೆ ಆ ಮಾತಿನಿಂದ ಯಾರಿಗೂ ನಿದ್ದೆ ಬಂದಿದ್ದನ್ನು ನಾನು ನೋಡಿಲ್ಲ.

ಅಪಘಾತ, ಲೈಂಗಿಕ ದೌರ್ಜನ್ಯ, ಚಿಕ್ಕಂದಿನಲ್ಲಿ ತಿಂದ ಹೊಡೆತ, ಕಣ್ಣೆದುರೇ ಆದ ಸಾವು. ಟ್ರಾಮಾ ಅನ್ನೋದು ಇಂಥ ಆಘಾತಕ್ಕೇ. ಇದನ್ನು ದಾಟಿ ಬಂದವರಿಗೆ ಅದು ಮುಗಿದಿದೆ ಅಂತ ಗೊತ್ತು, ಮೈಗೆ ಮಾತ್ರ ಗೊತ್ತಿಲ್ಲ. ಬಾಗಿಲು ಜೋರಾಗಿ ಬಡಿದರೆ ಸಾಕು, ಎದೆ ಡವಡವ. ಯಾವುದೋ ವಾಸನೆ ಮೂಗಿಗೆ ಬಡಿದರೆ ಇಡೀ ದಿನ ಹಾಳು. ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಅನ್ನೋ ಹೆಸರಿನಲ್ಲಿ ಇದು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 1980ರಲ್ಲಿ.

ಇಂಥವರಲ್ಲಿ ಎಷ್ಟೋ ಜನ ಮೊದಲು ಸಹಾಯ ಹುಡುಕುವುದು ಮೊಬೈಲಿನಲ್ಲಿ, ಅದೂ ಎಲ್ಲರೂ ಮಲಗಿದ ಮೇಲೆ. ಅದರಲ್ಲಿ ತಪ್ಪೇನೂ ಇಲ್ಲ. ಥೆರಪಿಸ್ಟ್ ಎದುರು ಕೂತು ಬಾಯಿ ಬಿಡೋದು ಸುಲಭ ಅಲ್ಲ, ಅವರ ಫೀಸೂ ಎಲ್ಲರಿಗೂ ಎಟುಕುವುದಿಲ್ಲ.

ಮೊಬೈಲಿನಲ್ಲಿ ಸಿಗುವ ಆನ್‌ಲೈನ್ ಕೋರ್ಸಿನಿಂದ ನಿಜವಾಗಿ ಗುಣ ಆಗುತ್ತಾ? ಸರಿಯಾದದ್ದಾದರೆ ಆಗುತ್ತೆ ಅನ್ನೋದಕ್ಕೆ ಒಳ್ಳೆಯ ಆಧಾರ ಇದೆ. ಬ್ರಿಟನ್ನಿನಲ್ಲಿ 196 ಜನರ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಒಂದೇ ಒಂದು ಘಟನೆಯಿಂದ ಕಡಿಮೆಯಿಂದ ಮಧ್ಯಮ ಮಟ್ಟದ ಪಿಟಿಎಸ್‌ಡಿ ಆದವರು ಅವರು. ಕೆಲವರಿಗೆ ಎದುರು ಕೂತು 12 ಸೆಷನ್‌ವರೆಗೆ ಥೆರಪಿ. ಉಳಿದವರಿಗೆ ಎಂಟು ಹಂತದ ಆನ್‌ಲೈನ್ ಪಾಠ. 16 ವಾರ ಕಳೆದ ಮೇಲೆ ನೋಡಿದರೆ ಆನ್‌ಲೈನ್‌ನವರು ಹಿಂದೆ ಬಿದ್ದಿರಲಿಲ್ಲ.

ಆದರೆ ಇಲ್ಲೊಂದು ಮಾತು ಗಮನಿಸಬೇಕು. ಆನ್‌ಲೈನ್‌ನವರನ್ನೂ ಒಂಟಿಯಾಗಿ ಬಿಟ್ಟಿರಲಿಲ್ಲ. ಒಟ್ಟು ಮೂರು ಗಂಟೆಯವರೆಗೆ ಥೆರಪಿಸ್ಟ್ ಜೊತೆ ಮಾತು, ನಡುವೆ ನಾಲ್ಕು ಚಿಕ್ಕ ಫೋನ್ ಕರೆ ಅಥವಾ ಇಮೇಲ್. "ಹೇಗಿದ್ದೀರಿ, ಎಲ್ಲಿಗೆ ಬಂತು?" ಅಂತ ಕೇಳುವ ಒಬ್ಬ ಮನುಷ್ಯ ಆ ಕಡೆ ಇದ್ದರು. ಯಾವ ಕೋರ್ಸಿಗೆ ಸೇರುವ ಮುಂಚೆಯೂ ನಾನು ಮೊದಲು ನೋಡುವುದು ಇದನ್ನೇ.

ಎರಡನೆಯದು, ಹಿಡಿತ ಯಾರ ಕೈಯಲ್ಲಿದೆ ಅನ್ನೋದು. ಇಂಥ ಆಘಾತ ದಾಟಿ ಬಂದ ನನ್ನ ಗೆಳತಿಯೊಬ್ಬಳು ಒಂದು ವಿಡಿಯೋ ಪಾಠ ಹಾಕಿಕೊಂಡು ಕೂತಿದ್ದಳು. "ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆಯಿರಿ" ಅಂತ ದನಿ ಬಂತು. ಅವಳು ಮುಚ್ಚಲಿಲ್ಲ. ದೃಷ್ಟಿಯೆಲ್ಲ ಬಾಗಿಲ ಚಿಲಕದ ಮೇಲೇ. ಕಣ್ಣು ಮುಚ್ಚಿದರೆ ಯಾರೋ ಬಂದುಬಿಡ್ತಾರೆ ಅನ್ನೋ ಭಯ. ದನಿ ಸುಮ್ನೆ ತನ್ನ ಪಾಡಿಗೆ ಮುಂದೆ ಹೋಗ್ತಾ ಇತ್ತು. ಆಮೇಲೆ ಸಿಕ್ಕ ಇನ್ನೊಂದು ಕೋರ್ಸು ಮೊದಲ ಪಾಠದಲ್ಲೇ ಹೇಳಿತು: "ಕಣ್ಣು ತೆರೆದೇ ಇರಲಿ. ಪಾದ ನೆಲಕ್ಕೆ ತಾಗಿರಲಿ. ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳಿ. ಬೇಡ ಅನಿಸಿದರೆ ಇಲ್ಲೇ ನಿಲ್ಲಿಸಿ." ಅವಳು ನಿಜವಾಗಿಯೂ ಅಲ್ಲೇ ನಿಲ್ಲಿಸಿದಳು. ಮರುದಿನ ತಾನಾಗಿಯೇ ಮತ್ತೆ ಹಾಕಿಕೊಂಡಳು. ಹಿಂದೆ ಆ ಘಟನೆ ನಡೆದ ಕೆಟ್ಟ ಹೊತ್ತಿನಲ್ಲಿ ಅವಳ "ಬೇಡ"ಕ್ಕೆ ಬೆಲೆಯೇ ಇರಲಿಲ್ಲ. ಇಲ್ಲಿ ಬೆಲೆ ಸಿಕ್ಕಿತು. ನನ್ನ ಪ್ರಕಾರ ಅವಳ ಚಿಕಿತ್ಸೆ ಶುರುವಾಗಿದ್ದು ಅಲ್ಲೇ.

ಒಳ್ಳೆಯ ಕೋರ್ಸು ನೋವಿನ ಬಗ್ಗೆಯೂ ಮುಚ್ಚುಮರೆ ಮಾಡುವುದಿಲ್ಲ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಶೋಧಕರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ಹುಡುಗ ಹುಡುಗಿಯರಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ಕಹಿ ಘಟನೆಗಳ ಬಗ್ಗೆ ಬರೆಸಿದರು. ಘಟನೆಯನ್ನೂ ಅದರ ಸಂಕಟವನ್ನೂ ಬರೆದವರ ಮನಸ್ಸು ಬರೆದ ಕೂಡಲೇ ಹಗುರವಾಗಲಿಲ್ಲ, ಇನ್ನಷ್ಟು ಕುಗ್ಗಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಪಾಠ ಮುಗಿದ ಸಂಜೆ ಅಳು ಬಂದರೆ ನೀವು ಸೋತಿರಿ ಅಂತ ಅರ್ಥ ಅಲ್ಲ. ಇದನ್ನು ಮೊದಲೇ ಹೇಳದ ಕೋರ್ಸು ನಿಮ್ಮನ್ನು ಅರ್ಧ ದಾರಿಯಲ್ಲಿ ಕೈಬಿಡುತ್ತೆ.

"ಏಳೇ ದಿನದಲ್ಲಿ ಟ್ರಾಮಾ ಮಾಯ, ಆಫರ್ ಇವತ್ತು ರಾತ್ರಿವರೆಗೆ ಮಾತ್ರ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಗುಣ ಆಗದಿದ್ದರೆ "ನೀವು ಮನಸಾರೆ ಮಾಡಲಿಲ್ಲ" ಅಂತಾರೆ. ಮೊದಲೇ ತನ್ನದೇ ತಪ್ಪು ಅಂದುಕೊಂಡಿರುವವರ ತಲೆ ಮೇಲೆ ಇನ್ನೊಂದು ಹೊರೆ. ಪಾಠ ಬರೆದವರು ಯಾರು, ಅವರ ಓದು ಏನು, ನೀವು ಹೇಳಿದ್ದು ಎಲ್ಲಿಗೆ ಹೋಗುತ್ತೆ, ಇದನ್ನು ಕೇಳದೆ ದುಡ್ಡು ಕಟ್ಟಬೇಡಿ.

ಇನ್ನು, ಹಿಂಸೆ ಕೊಡುವವರ ಜೊತೆಗೇ ಇನ್ನೂ ಒಂದೇ ಮನೆಯಲ್ಲಿ ಇದ್ದರೆ, ನಡುವೆ ಎಷ್ಟೋ ಹೊತ್ತು ಏನಾಯ್ತು ಅನ್ನೋದೇ ನೆನಪಿಲ್ಲದ ಹಾಗೆ ಆಗ್ತಾ ಇದ್ದರೆ, ಸಾಯುವ ಯೋಚನೆ ಬರ್ತಾ ಇದ್ದರೆ, ಮೊಬೈಲ್ ಪಾಠ ಒಂದರಿಂದಲೇ ಆಗುವ ಕೆಲಸ ಅಲ್ಲ ಅದು. ಕೋರ್ಸ್ ಬದಿಗಿಡಿ. ಡಾಕ್ಟರ್, ಹೆಲ್ಪ್‌ಲೈನ್, ನೀವು ನಂಬುವ ಒಬ್ಬರು, ಯಾರು ಮೊದಲು ಸಿಗ್ತಾರೋ ಅವರಿಗೆ ಇವತ್ತೇ ಫೋನ್ ಮಾಡಿ.